ಎಳ್ಳಿನ ವಂಶ

ನೀಲಗಿರಿಯ ಕೂಕಲ್ತೊರೈಯಲ್ಲಿ ನಾನು ಬೆಳೆದ ಕ್ಯಾರೆಟ್ ಕೀಳಲು ಎರಡು ಜೋಡಿ ಎತ್ತು ಬೇಕಾಗುತ್ತಿದ್ದವು ಎಂದರೆ ನೀವು ನಂಬುವುದಿಲ್ಲ. ನನ್ನ ಹೆಂಡತಿ ಸರ್ವಮಂಗಳಳೂ ನಂಬುವುದಿಲ್ಲ. ಇರಲಿ. ಅಂಥ ಗುರುಮಲ್ಲಪ್ಪನಾದ ನನಗೂ ಒಂದು ಭಾಗ್ಯ ಸಿಕ್ಕಿರಲಿಲ್ಲ. ನಮ್ಮ ಹಟ್ಟಿಯಲ್ಲಿ ಬಿತ್ತನೆಯ ಮೊದಲ ಹಿಡಿ ಬೀಜ ಎರಚುವ ಹಕ್ಕು ಹಳೇ ಬೇಸಾಯದ ಮನೆಯವರದು. ಎಂದರೆ ಈ ಬೆಟ್ಟದ ಬಡಗ ಜನರಾದ ನೆರೆಮನೆಯ ಮಹಾಲಿಂಗಂ ಅವರದು. ಗುಂಡ್ಲುಪೇಟೆಯಿಂದ ಬಂದ ನನ್ನ ತಾತ ಬದುವಿನ ಮೇಲೆ ನಿಂತು ನೋಡಿದ, ಅಪ್ಪ ನೋಡಿದ, ನಾನೂ ನೋಡುತ್ತ ಬಂದೆ.

ಎರಡು ಸಾವಿರದ ನಾಲ್ಕರಲ್ಲಿ ಟೀ ಎಲೆಯ ಬೆಲೆ ಬಿದ್ದು, ಮಹಾಲಿಂಗಂ ಒಂದು ಇಳಿಜಾರಿನ ಗಿಡಗಳನ್ನೆಲ್ಲ ಕಿತ್ತು ಮತ್ತೆ ರಾಗಿ ಹಾಕಲು ಹೊರಟರು. ಅದೇ ಹೊತ್ತಿಗೆ ಕೊಯಮತ್ತೂರಿನಿಂದ ಸಂಶೋಧಕಿ ಜನನಿ ಬಂದಳು. ಹತ್ತಿ ಸುತ್ತಿದ ಕಡ್ಡಿಯನ್ನು ಗಂಡಸರ ಕೆನ್ನೆಯೊಳಗೆ ಆಡಿಸಿ ಸೀಸೆಗೆ ಹಾಕಿಕೊಂಡಳು.

"ಡಿಎನ್‌ಎಯಲ್ಲಿ ಒಂದು ಭಾಗ ಅಪ್ಪನಿಂದ ಮಗನಿಗೆ ಮಾತ್ರ ಇಳಿಯುತ್ತೆ," ಎಂದಳು. "ಅದನ್ನು ಹಿಡಿದು ಹಿಂದಕ್ಕೆ ಹೋದರೆ, ಮೊದಮೊದಲು ಬೇಸಾಯ ಮಾಡಿದವರ ಜೊತೆ ನಂಟು ಸಿಕ್ಕರೂ ಸಿಗಬಹುದು."

ನಾನು ಬಾಯಿ ತೆರೆದ ಅಗಲಕ್ಕೆ ಅವಳು ಟಾರ್ಚ್ ಹಾಕಿ ಕೆನ್ನೆ ಹುಡುಕಬೇಕಾಯಿತು.

"ಮಹಾಲಿಂಗಣ್ಣ, ನನ್ನದು ಬೇಸಾಯದ ವಂಶ ಅಂತ ಬಂದರೆ ಮೊದಲ ಹಿಡಿ ನನಗೆ ಕೊಡ್ತೀರಾ?"

"ಕೊಟ್ಟೆ ಹೋಗು. ನಿನ್ನ ಬಾಯಲ್ಲಿ ಬೆಳೆಯೋದು ಸುಳ್ಳು ಒಂದೇ, ಅದೇ ಬರುತ್ತೆ."

ತಿಂಗಳುಗಳು ಕಳೆದು, ಬಿತ್ತನೆಗೆ ಇನ್ನೇನು ಎನ್ನುವಾಗ ಎಸ್‌ಟಿಡಿ ಬೂತಿಗೆ ಫೋನ್ ಬಂತು. ಗರಗರ ಸದ್ದಿನ ನಡುವೆ ಜನನಿಯ ದನಿ: "ನಿಮ್ಮದು ಎಲ್ಲು." ಅಷ್ಟರಲ್ಲಿ ಲೈನ್ ಸತ್ತಿತು.

ಎಳ್ಳು! ತಮಿಳಿನಲ್ಲೂ ಎಳ್ಳು ಎಳ್ಳೇ. ಲೋಕಕ್ಕೆ ಎಳ್ಳು ಬೆಳೆಯಲು ಕಲಿಸಿದವರು ನಮ್ಮ ಅಜ್ಜಂದಿರು! ನಾನು ಓಡಿದ ರಭಸಕ್ಕೆ ಕೋತಗಿರಿ ಬಸ್ಸೇ ಹಿಂದೆ ಬಿತ್ತು. ಅಂಗಡಿಯಲ್ಲಿದ್ದ ಎಳ್ಳನ್ನೆಲ್ಲ ತಂದು, ಬೆಲ್ಲ ಬೆರೆಸಿ ಹಟ್ಟಿಗೆಲ್ಲ ಹಂಚಿದೆ.

ಸರ್ವಮಂಗಳ ಕೈಚಾಚಿ ಇಸಿದುಕೊಂಡು ಹೇಳಿದಳು: "ಮೊದಲ ಹಿಡಿ ಆಸೆಗೆ ಎಳ್ಳುನೀರು ಬಿಡೋಕೂ ಸ್ವಲ್ಪ ಉಳಿಸ್ಕೊಳ್ರಿ."

ಬಿತ್ತನೆಯ ಬೆಳಿಗ್ಗೆ ಉಳಿಸಿಟ್ಟಿದ್ದ ಎಳ್ಳನ್ನು ಜೇಬು ತುಂಬ ತುಂಬಿಕೊಂಡು ಬದುವಿನ ಮೇಲೆ ನಿಂತೆ. ಮಹಾಲಿಂಗಂ ಮೊರದಲ್ಲಿ ರಾಗಿ ಹಿಡಿದಿದ್ದರು. "ಈ ಚಳಿಗೆ ಎಳ್ಳು ಬೆಳೆಯೋದಿಲ್ಲೆ ಅಂತ ನಿನ್ನ ಅಜ್ಜಂದಿರು ಹೇಳಿಕೊಡಲಿಲ್ಲೆಯಾ?"

ಬಿತ್ತನೆ ನೋಡಲು ಬಂದಿದ್ದ ಜನನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಳ್ಳಲ್ಲ ಸಾರ್, ಇಂಗ್ಲಿಷ್ ಅಕ್ಷರ, ಎಲ್. ನಿಮ್ಮ ತಂದೆ ಕಡೆಯ ವಂಶಕ್ಕೆ ನಾವು ಇಟ್ಟುಕೊಂಡಿರೋ ಗುರುತು."

ನನ್ನ ಕಾಲ ಕೆಳಗಿನ ನೀಲಗಿರಿ ಬೆಟ್ಟ ಬುಡದ ಮೇಟ್ಟುಪಾಳ್ಯಂವರೆಗೆ ಕುಸಿಯಿತು. "ಹಾಗಾದರೆ ಬೇಸಾಯ?"

"ಈ ವಂಶಕ್ಕೂ ಹಳೇ ಬೇಸಾಯಗಾರರಿಗೂ ನಂಟು ಇದೆ ಅಂತ ಕೆಲವರು, ಇಲ್ಲ ಅಂತ ಕೆಲವರು. ಇನ್ನೂ ತೀರ್ಮಾನ ಆಗಿಲ್ಲ."

"ಅರ್ಧ ಗೆದ್ದೆ," ಎಂದೆ.

"ಎನ್ನದು ಯಾವ ಅಕ್ಷರ ಅಮ್ಮಾ?" ಎಂದರು ಮಹಾಲಿಂಗಂ.

"ನಿಮ್ಮದೂ ಎಲ್. ಎಷ್ಟೋ ಸಾವಿರ ವರ್ಷದ ಹಿಂದೆ ನಿಮ್ಮಿಬ್ಬರಿಗೂ ಒಬ್ಬನೇ ಅಪ್ಪ."

ಮಹಾಲಿಂಗಂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈ ಬಾಯಿಬಡುಕ ಎನ್ನ ತಮ್ಮನಾ?"

"ತಮ್ಮ ಯಾಕೆ, ಅಣ್ಣನೂ ಇರಬಹುದು."

"ಬಾಯಿ ಮುಚ್ಚಿ ಇಳಿದು ಬಾ. ತಮ್ಮ ಬದುವಿನ ಮೇಲೆ ನಿಂತರೆ ಈ ಮನೆಗೆ ಮರ್ಯಾದೆಯಾ?" ಎನ್ನುತ್ತ ಮೊರ ಚಾಚಿದರು.

ಬದು ಇಳಿದೆ. ಹಸಿ ಮಣ್ಣು ಕಾಲ್ಬೆರಳ ಸಂದಿಗೆ ನುಗ್ಗಿತು. ಸಂಭ್ರಮದಲ್ಲಿ ಒಂದು ಕೈ ಮೊರಕ್ಕೆ ಹೋಯಿತು, ಇನ್ನೊಂದು ತಾನಾಗಿಯೇ ಜೇಬಿಗೆ. ಎರಡನ್ನೂ ಒಟ್ಟಿಗೆ ಬೀಸಿದೆ.

ಆ ಚಳಿಯಲ್ಲಿ ಎಳ್ಳು ಮೊಳೆಯಲೇ ಇಲ್ಲ ಎಂದು ಸರ್ವಮಂಗಳ ಹೇಳುತ್ತಾಳೆ. ನೀಲಗಿರಿ ಮರದೆತ್ತರ ಬೆಳೆದಿತ್ತು. ಅವಳು ತಲೆ ಎತ್ತಿ ನೋಡಲಿಲ್ಲ, ಅಷ್ಟೇ.