ಶುಕ್ರವಾರದ ಕೆಂಡ

ಅಣ್ಣತಮ್ಮಂದಿರು ಪಾಲಾದಾಗ ಕತ್ರಿಗುಪ್ಪೆಯ ಮನೆಯಲ್ಲಿ ಹಳೇ ಒಲೆ, ಒಣ ಸೌದೆ, ದೇವರಗೂಡು ಎಲ್ಲಾ ಹಿರಿಸೊಸೆ ನಾರಾಯಣಮ್ಮನ ಕಡೆಗೆ ಹೋದವು. ಕಿರಿಸೊಸೆ ಮುನಿವೆಂಕಟಮ್ಮನಿಗೆ ಸಿಕ್ಕಿದ್ದು ಸೋರುವ ಕೊಟ್ಟಿಗೆ. ಒಂದು ಶುಕ್ರವಾರ ಬೆಂಕಿಪೊಟ್ಟಣ ನೆನೆದುಹೋಗಿ, ಅವಳು ಬೆರಣಿ ಚೂರು ಹಿಡಿದು ಓರಗಿತ್ತಿಯ ಬಾಗಿಲಲ್ಲಿ ಕೆಂಡ ಕೇಳಿದಳು.

“ಶುಕ್ರವಾರ ಬೆಂಕಿ ಕೊಟ್ರೆ ಲಕ್ಷ್ಮಿ ಹೊಂಟೋಗ್ತಾಳೆ ಕಣೆ,” ಎಂದಳು ನಾರಾಯಣಮ್ಮ. ಅವತ್ತು ಮುನಿವೆಂಕಟಮ್ಮನ ಮಕ್ಕಳು ನೀರು ಕುಡಿದು ಮಲಗಿದವು.

ಮುಂದಿನ ಶುಕ್ರವಾರ ಜಡಿಮಳೆಗೆ ಹೆಂಚು ಸೋರಿ ನಾರಾಯಣಮ್ಮನ ಒಲೆಯೇ ಆರಿತು. ಶುಕ್ರವಾರದ ಮಾತೆತ್ತದೆ ಅವಳೇ ಓರಗಿತ್ತಿಯ ಕೊಟ್ಟಿಗೆಗೆ ಬಂದು ಬೆರಣಿ ಚಾಚಿದಳು.

ಈಗ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡಲು ಕಲಿತಿದ್ದ ಮುನಿವೆಂಕಟಮ್ಮ, ಬೂದಿ ಸರಿಸಿ ಊದಿ, ನಿಗಿನಿಗಿ ಕೆಂಡಗಳನ್ನೇ ಆಯ್ದು ಕೊಟ್ಟಳು.

“ತಗೊಳ್ಳಕ್ಕ. ಪಾಲು ಮಾಡ್ದಾಗ ಲಕ್ಷ್ಮೀನೂ ನೀನೇ ಮಡಿಕಂಡೆಯಲ್ಲ, ನಮ್ಮನೆ ಬಿಟ್ಟು ಹೋಗೋಕೆ ಯಾರವ್ರೆ?”