ಅಕ್ಕನ ಪಾಲಿನ ಉಸಿರು

ಸಿನಿಮಾದಲ್ಲಿ ಹಾಡು ಮೊದಲು, ಚಿತ್ರೀಕರಣ ಆಮೇಲೆ ಎಂಬ ಸಂಗತಿ ತಂಗಿಗೆ ತಿಳಿದದ್ದು ಸ್ಟುಡಿಯೋದ ಮೆಟ್ಟಿಲು ಹತ್ತುವಾಗ. ತುಟಿ ಆಡಿಸುವ ನಟಿಯರು ಮುಂದಿನ ವಾರ ಬರುತ್ತಾರೆ, ಈಗ ಬೇಕಾಗಿರುವುದು ದನಿ ಮಾತ್ರ ಎಂದು ವಿವರಿಸುತ್ತ ನಿರ್ದೇಶಕ ಮುಂದೆ ಮುಂದೆ ನಡೆದ. ಅವಳು ಆಸ್ಪತ್ರೆಯ ಶ್ರವಣ ಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡುವವಳು. ಸದ್ದಿಲ್ಲದ ಕೋಣೆಗಳು ಅವಳಿಗೆ ಹೊಸತಲ್ಲ. ಬೇರೆಯವರ ಅಡುಗೆಮನೆಯ ಡಬ್ಬಿಗಳನ್ನು ಕದ್ದು ನೋಡುವ ಗೃಹಿಣಿಯಂತೆ ಅವಳು ದಪ್ಪ ಬಾಗಿಲಿನ ಅಂಚಿನ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿ, ಪರವಾಗಿಲ್ಲ ಎಂದುಕೊಂಡಳು.

"ಇವಳು ರಜ ಹಾಕಲ್ಲ ಅಂತ ಬಿಸ್ಕತ್ತಿನ ಮೇಲೆ ಪಂದ್ಯ ಕಟ್ಟಿದ್ದೆ," ಎಂದಳು ಒಳಗೆ ಕುಳಿತಿದ್ದ ಅಕ್ಕ, ಧ್ವನಿಮುದ್ರಕನ ಕಡೆಗೆ ಇಡೀ ಪೊಟ್ಟಣವನ್ನು ತಳ್ಳುತ್ತ. "ಸೋತೆ. ತಗೊಳ್ಳಿ."

"ಅರ್ಧ ದಿನದ್ದು ಅಷ್ಟೇ," ಎಂದಳು ತಂಗಿ.

"ಹಾಗಾದ್ರೆ ಅರ್ಧ ಪೊಟ್ಟಣ ವಾಪಸ್ ಕೊಡಿ."

ಧ್ವನಿಮುದ್ರಕ ನಗುತ್ತ ಪೊಟ್ಟಣವನ್ನು ತನ್ನ ಗುಂಡಿಗಳ ಹಲಗೆಯ ಹಿಂದಕ್ಕೆ ಸರಿಸಿಕೊಂಡ.

ಚಿತ್ರ ಅಕ್ಕನ ಬದುಕಿನದೇ. ಚರ್ಚಿನ ಗಾಯಕವೃಂದದಲ್ಲಿ ಬೆಳೆದ ಹುಡುಗಿ ದೊಡ್ಡ ವೇದಿಕೆಗಳಲ್ಲಿ ಹೆಸರು ಮಾಡುತ್ತಾಳೆ; ಆ ಹೆಸರಿನ ಗದ್ದಲದಲ್ಲಿ ಮನೆಯನ್ನೂ ಪ್ರಾರ್ಥನೆಯನ್ನೂ ಕಳೆದುಕೊಳ್ಳುತ್ತಾಳೆ; ಕೊನೆಗೆ ದೇವರ ಕಡೆಗೆ ಮರಳುತ್ತಾಳೆ. ಊರೂರಿನ ಚರ್ಚುಗಳಲ್ಲಿ ಬಿಳಿ ಪರದೆ ಕಟ್ಟಿ ತೋರಿಸುವ ಉದ್ದೇಶ ನಿರ್ದೇಶಕನದು. ಉಳಿದಿರುವುದು ಕೊನೆಯ ಕೀರ್ತನೆ ಒಂದೇ, ಅದಕ್ಕೆ ಕೆಳದನಿ ಬೇಕು, ಬಾ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಕೀರ್ತನೆ ಯಾವ ದೃಶ್ಯದ್ದು ಎಂದು ಹೇಳಿರಲಿಲ್ಲ.

ನಿರ್ದೇಶಕ ಕೊಟ್ಟ ಹಾಳೆಯನ್ನು ತಂಗಿ ನಿಂತೇ ಓದಿದಳು. ತಾಯಿ ಹಾಸಿಗೆಯಲ್ಲಿ. ಕೊನೆಯ ಗಳಿಗೆ. ಬಾಗಿಲು ತೆರೆಯುತ್ತದೆ, ನಾಯಕಿ ಪ್ರಯಾಣದ ದೂಳಿನೊಂದಿಗೆ ಒಳಗೆ ಬರುತ್ತಾಳೆ. ಇಬ್ಬರು ಹೆಣ್ಣುಮಕ್ಕಳು ಹಾಸಿಗೆಯ ಎರಡು ಬದಿಗೆ ಕುಳಿತು ಹಾಡುತ್ತಾರೆ. ತಾಯಿ ಶಾಂತಿಯಿಂದ ಕಣ್ಣು ಮುಚ್ಚುತ್ತಾಳೆ.

ಅಮ್ಮ ತೀರಿಕೊಂಡ ಸಂಜೆ ಹಾಸಿಗೆಗೆ ಎರಡು ಬದಿಗಳಿದ್ದದ್ದು ನಿಜ. ಒಂದು ಬದಿಗೆ ತಂಗಿ ಕುಳಿತಿದ್ದಳು, ಇನ್ನೊಂದು ಬದಿಗೆ ಔಷಧಿಯ ಮೇಜಿತ್ತು. ಅಕ್ಕ ಬೇರೊಂದು ದೇಶದ ವೇದಿಕೆಯ ಮೇಲಿದ್ದಳು; ವಿಷಯ ತಿಳಿದೂ ಕಾರ್ಯಕ್ರಮ ಮುಗಿಸಿಯೇ ಹೊರಟು, ಮಾರನೆಯ ದಿನ ಎಲ್ಲ ಮುಗಿದ ಮೇಲೆ ಬಂದಿದ್ದಳು.

ತಂಗಿ ಹಾಳೆಯನ್ನು ಮಡಿಸಿದಳು. "ಇದು ಹೀಗೆ ಆಗಿಲ್ಲ."

ನಿರ್ದೇಶಕ ಒಳ್ಳೆಯವನೇ. ತಲೆ ಒಂದು ಕಡೆಗೆ ವಾಲಿಸಿ, ರೋಗಿಯ ಮನೆಯವರೊಡನೆ ಮಾತಾಡುವ ದನಿಯಲ್ಲಿ ಹೇಳಿದ: "ಗೊತ್ತಮ್ಮ. ಆದ್ರೆ ಇದನ್ನ ನೋಡಿ ಯಾವಳೋ ಒಬ್ಬ ಮಗಳು ಅವತ್ತೇ ಬಸ್ ಹತ್ತಿ ತಾಯಿ ಹತ್ರ ಹೋದ್ರೆ, ಅದು ಒಳ್ಳೇದೇ ಅಲ್ವಾ?"

ಅದಕ್ಕೆ ಎದುರು ಹೇಳುವುದು ಕಷ್ಟ. ತಂಗಿ ಅಕ್ಕನತ್ತ ನೋಡಿದಳು. ಅಕ್ಕ ಬಿಸ್ಕತ್ತಿನ ಪುಡಿಯನ್ನು ಮಡಿಲಿನಿಂದ ಕೊಡವುತ್ತಿದ್ದಳು. ಇಲ್ಲದ ಪುಡಿಯನ್ನೂ ಕೊಡವಿದಳು.

"ಒಂದ್ಸಲ ಹಾಡಿ ನೋಡೋಣ, ಪುಟ್ಟಿ," ಎಂದಳು ಕೊನೆಗೆ. "ಆಮೇಲೆ ನಿನ್ನಿಷ್ಟ."

ಹಾಡಿ ನೋಡಿದ ಮೇಲೆ ಬೇಡ ಎನ್ನುವುದು ಇನ್ನೂ ಕಷ್ಟವೆಂದು ತಿಳಿದೂ ತಂಗಿ ಮೈಕಿನ ಮುಂದೆ ನಿಂತಳು. ಅಕ್ಕನ ಮಾತನ್ನು ಮೀರುವ ಅಭ್ಯಾಸ ಅವಳಿಗೆ ಚಿಕ್ಕಂದಿನಿಂದಲೂ ಇರಲಿಲ್ಲ.

ಅವರ ಅಪ್ಪ ವಾರವೆಲ್ಲ ಹೊಲಿಗೆ ಯಂತ್ರ ರಿಪೇರಿ ಮಾಡಿ ಭಾನುವಾರ ಗಾಯಕವೃಂದವನ್ನು ನಡೆಸಿದವರು. ಅವರದೊಂದು ಕಟ್ಟಪ್ಪಣೆಯಿತ್ತು: ಪಕ್ಕಪಕ್ಕದಲ್ಲಿ ನಿಂತ ಇಬ್ಬರು ಒಂದೇ ಜಾಗದಲ್ಲಿ ಉಸಿರು ತೆಗೆದುಕೊಳ್ಳಬಾರದು. ಒಬ್ಬರು ನಿಲ್ಲಿಸುವಾಗ ಇನ್ನೊಬ್ಬರು ಹಿಡಿದಿರಬೇಕು. ಆಗ ಕೇಳುವವರಿಗೆ ಹಾಡು ಎಲ್ಲಿಯೂ ಕಡಿಯದು. ಯಾರ ಉಸಿರು ಎಲ್ಲಿ ಎಂಬುದನ್ನು ಅವರೇ ಹಂಚಿಕೊಡುತ್ತಿದ್ದರು, ತಾಯಿ ಮಕ್ಕಳಿಗೆ ತಿಂಡಿ ಹಂಚುವಷ್ಟೇ ನಿಷ್ಪಕ್ಷಪಾತವಾಗಿ. ಮರೆತು ಇಬ್ಬರೂ ಒಟ್ಟಿಗೆ ಉಸಿರೆಳೆದರೆ ಕೈ ಎತ್ತಿ ಹಾಡು ನಿಲ್ಲಿಸಿ, "ಅಲ್ಲೊಂದು ಹೊಲಿಗೆ ಬಿಟ್ಟಿತು," ಎನ್ನುತ್ತಿದ್ದರು. ಮೊದಲ ಸಾಲಿನಲ್ಲಿ ಹಾಡುತ್ತಿದ್ದ ಅಮ್ಮ ಮಾತ್ರ ತಿರುಗಿಯೂ ನೋಡದೆ ತಪ್ಪಿದವರು ಯಾರೆಂದು ಹೇಳಬಲ್ಲವರಾಗಿದ್ದರು. ಅಕ್ಕನದು ಮೇಲುದನಿ, ತಂಗಿಯದು ಕೆಳದನಿ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರೂ ಹೊದಿಕೆಗೆ ಜಗಳವಾಡಿದ ಹಾಗೆಯೇ ಉಸಿರಿನ ಜಾಗಕ್ಕೂ ಜಗಳವಾಡಿ ಬೆಳೆದವರು.

ಹಾಡಿದರು. ಮೂರನೆಯ ಸಾಲಿನಲ್ಲಿ ಧ್ವನಿಮುದ್ರಕ ಗಾಜಿನಾಚೆಯಿಂದ ಕೈ ತೋರಿಸಿದ. "ಒಂದು ಕಡೆ ಖಾಲಿ ಆಗ್ತಿದೆ."

ಮತ್ತೆ ಹಾಡಿದರು. ಮತ್ತೆ ಅದೇ ಜಾಗ ಖಾಲಿ. ಇನ್ನೊಮ್ಮೆ ಹಾಡಿದಾಗ ಆ ಸಾಲಿನಲ್ಲಷ್ಟೇ ಅಲ್ಲ, ಮುಂದಿನದರಲ್ಲೂ.

"ಬಿಡಿ ಮೇಡಂ, ಬೇರೆ ಬೇರೆ ಹಾಡಿಸಿ ಆಮೇಲೆ ಅಂಟಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

"ಅಪ್ಪನಿಗೆ ಗೊತ್ತಾಗುತ್ತೆ," ಎಂದಳು ಅಕ್ಕ ತಟ್ಟನೆ, ಹತ್ತು ವರ್ಷದ ಹುಡುಗಿಯ ಹಾಗೆ. ನಂತರ ತಂಗಿಯತ್ತ ತಿರುಗಿ ಹುಬ್ಬು ಗಂಟಿಕ್ಕಿದಳು. "ಅದು ನನ್ನ ಜಾಗ ಕಣೇ. ನೀನ್ಯಾಕೆ ಅಲ್ಲಿ ಉಸಿರು ತಗೊಳ್ತಿದ್ದೀಯ?"

ತಂಗಿಗೆ ಆ ಕ್ಷಣದವರೆಗೂ ಅದರ ಅರಿವಿರಲಿಲ್ಲ. ಕೆಳದನಿಯ ಸ್ವರಗಳು ಸರಿಯಾಗಿಯೇ ಬರುತ್ತಿದ್ದವು. ಎದೆ ಮಾತ್ರ ಮೇಲುದನಿಯ ಲೆಕ್ಕದಲ್ಲಿ ಏರಿಳಿಯುತ್ತಿತ್ತು.

"ನೀನು ಹೋದ ಮೇಲೆ ಅಪ್ಪ ನನ್ನನ್ನ ಅಲ್ಲಿಗೆ ನಿಲ್ಲಿಸಿದ್ರು," ಎಂದಳು. "ಅವತ್ತಿಂದ ನಿನ್ನ ಪಾಲು ನಾನೇ ಹಾಡೋದು."

ಅಕ್ಕ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ನಿಧಾನವಾಗಿ ತೆಗೆದಳು. ತನ್ನ ಜಾಗ ಖಾಲಿ ಇದೆಯೆಂದೇ ಅವಳು ಇಷ್ಟು ವರ್ಷ ನಂಬಿದ್ದಳೇನೋ. "ಚಹಾ ಕುಡಿದು ಬರ್ತೀವಿ," ಎಂದು ಗಾಜಿನತ್ತ ಹೇಳಿ ಹೊರಗೆ ನಡೆದಳು.

ಚಹಾ ಕುಡಿಯಲಿಲ್ಲ. ಮಹಡಿಯ ಮೆಟ್ಟಿಲಿನ ಮೇಲೆ, ಸುತ್ತಿಟ್ಟ ತಂತಿಗಳ ಪಕ್ಕದಲ್ಲಿ ಇಬ್ಬರೂ ಕುಳಿತರು.

"ಆ ದೃಶ್ಯ ನಿರ್ದೇಶಕರು ಬರೆದದ್ದಲ್ಲ," ಎಂದಳು ಅಕ್ಕ. "ನಾನೇ ಬರೆಸಿದ್ದು. ಅವರು ಮೊದಲು ನಿಜಾನೇ ಬರೆದಿದ್ರು."

"ಯಾಕೆ?"

"ಸಿನಿಮಾದಲ್ಲಾದ್ರೂ ನಾನು ಬಂದಿರಲಿ ಅಂತ."

ತಂಗಿಗೆ ಸಿಟ್ಟು ಬಂತು. ಕ್ರಮವಾಗಿ ಯೋಚಿಸುವುದು ಅವಳ ಸ್ವಭಾವ. ಈ ಸಿಟ್ಟು ಸುಳ್ಳಿನ ಮೇಲೋ ಅಥವಾ ಬೇರಾವುದರ ಮೇಲೋ ಎಂದು ಪರೀಕ್ಷಿಸಿ ನೋಡಿದಳು. ಸುಳ್ಳಿನ ಮೇಲಲ್ಲ.

"ವೇದಿಕೆ ನಿನ್ನದು, ಹೆಸರು ನಿನ್ನದು, ಈಗ ಸಿನಿಮಾನೂ ನಿನ್ನದೇ. ಬೇಡ ಅನ್ನಲಿಲ್ಲ, ಅಕ್ಕ. ಆ ಸಂಜೆ ಒಂದು ನನ್ನದಾಗಿತ್ತು. ಅದಕ್ಕೂ ಬಂದು ಕೂತ್ಕೊಂಡ್ರೆ ನಾನೆಲ್ಲಿಗೆ ಹೋಗ್ಲಿ?"

ಕೆಳಗಿನ ಮಹಡಿಯಲ್ಲಿ ಯಾರೋ ತಬಲಾವನ್ನು ಶ್ರುತಿ ಮಾಡುತ್ತಿದ್ದರು. ಒಂದೇ ಪೆಟ್ಟು, ಮತ್ತೆ ಮತ್ತೆ. ಮಾತು ಅಲ್ಲಿಗೇ ನಿಂತಿದ್ದರೆ ತಂಗಿ ಗೆದ್ದಂತಾಗುತ್ತಿತ್ತು. ಆದರೆ ತಾನೀಗ ಹೇಳಿದ್ದು ಪೂರ್ತಿ ನಿಜವಲ್ಲವೆಂದು ಅವಳಿಗೆ ಗೊತ್ತಿತ್ತು. ಅರ್ಧ ಫಲಿತಾಂಶವನ್ನು ಪೂರ್ತಿ ಎಂದು ಬರೆದುಕೊಡುವವಳು ಅವಳಲ್ಲ.

"ನನ್ನದೂ ಆಗಿರಲಿಲ್ಲ," ಎಂದಳು.

"ಏನು?"

"ಅಮ್ಮ ಮಧ್ಯಾಹ್ನದಿಂದ ಕಣ್ಣು ಬಿಟ್ಟಿರಲಿಲ್ಲ. ನಾನು ಈ ಕೀರ್ತನೆ ಹಾಡಿದೆ. ನಿನ್ನ ಪಾಲು, ನಿನ್ನ ಉಸಿರು. ಅದೇ ರೂಢಿಯಾಗಿತ್ತಲ್ಲ. ಅಮ್ಮ ಕೇಳ್ತಾ ಇದ್ದು, ನನ್ನ ಕೈ ಹಿಡಿದು, 'ದೊಡ್ಡೋಳೇ, ಬಂದೆಯಾ' ಅಂದ್ರು."

ಅಕ್ಕ ಅವಳತ್ತ ತಿರುಗಿದಳು.

"ನೀನೇನಂದೆ?"

"ಹೂಂ ಅಮ್ಮ, ಅಂದೆ."

ತಾನು ಕೆಲಸ ಮಾಡುವ ಶ್ರವಣ ಪರೀಕ್ಷೆಯ ಕೋಣೆಯಲ್ಲಿ ತಂಗಿ ದಿನವೂ ಒಂದು ವಿಚಿತ್ರ ನೋಡುತ್ತಿದ್ದಳು. ಸಣ್ಣ ಸದ್ದು ಕೇಳಿಸಿದಾಗ ಬೆರಳೆತ್ತಿ ಎಂದರೆ, ಕೆಲವರು ಸದ್ದೇ ಇಲ್ಲದಾಗಲೂ ಬೆರಳೆತ್ತುತ್ತಾರೆ. ಅವರು ಸುಳ್ಳರಲ್ಲ, ಕೇಳಿಸಬೇಕೆಂದು ಅಷ್ಟು ಬಯಸುತ್ತಾರೆ, ಅಷ್ಟೇ. ಅಮ್ಮನದೂ ಅಂಥದೇ ಎಂದು ಸಮಾಧಾನ ಮಾಡಿಕೊಳ್ಳಲು ಅವಳು ಎಷ್ಟೋ ಸಲ ನೋಡಿದ್ದಳು. ಆಗಿರಲಿಲ್ಲ. ಅಮ್ಮನ ಕಿವಿ ತಪ್ಪಿರಲಿಲ್ಲ. ಆ ಉಸಿರು ಅಕ್ಕನದೇ ಆಗಿತ್ತು. ಅದನ್ನು ಎಳೆದ ಎದೆ ಮಾತ್ರ ತಂಗಿಯದು. ಎಲ್ಲ ಬಿಟ್ಟು ಪಕ್ಕದಲ್ಲಿ ಕುಳಿತವಳನ್ನು ಅಮ್ಮ ಬಾರದವಳ ಹೆಸರಿನಲ್ಲಿ ಕರೆದು ಹೋದರು. ಇದನ್ನು ಅವಳು ಅಪ್ಪನಿಗೂ ಹೇಳಿರಲಿಲ್ಲ.

"ಆಮೇಲೆ?" ಅಕ್ಕನ ದನಿ ಒಡೆದಿತ್ತು. "ಆಮೇಲೆ ಏನಾದ್ರೂ ಅಂದ್ರಾ?"

"ಏನಿಲ್ಲ. 'ಪುಟ್ಟಿಗೆ ಊಟ ಹಾಕು, ಬೆಳಗಿಂದ ಏನೂ ತಿಂದಿಲ್ಲ ಅವಳು' ಅಂದ್ರು. ಅಷ್ಟೇ."

"ಅಷ್ಟೇನಾ?" ಅಕ್ಕ ಅವಳ ಮುಖವನ್ನೇ ದಿಟ್ಟಿಸಿದಳು. "ನಾನು ಬಂದೆ ಅಂದ್ಕೊಂಡ ಅಮ್ಮ, ನನ್ನನ್ನ ಹೇಗಿದ್ದೀಯ ಅಂತ ಕೇಳಿಲ್ಲ. ಪ್ರಯಾಣ ಹೇಗಾಯ್ತು ಅಂತ ಕೇಳಿಲ್ಲ. ನಿನಗೆ ಊಟ ಹಾಕಕ್ಕೆ ಕರೆದ್ರು ನನ್ನನ್ನ. ಲೇ ದಡ್ಡಿ, ಇಷ್ಟು ವರ್ಷ ಇದನ್ನ ಹೊಟ್ಟೇಲಿಟ್ಕೊಂಡು ಅಮ್ಮ ನಿನ್ನ ಮರೆತ್ರು ಅಂದ್ಕೊಂಡಿದ್ಯಾ?"

ಅಮ್ಮನ ಆ ಮಾತುಗಳನ್ನು ತಂಗಿ ಸಾವಿರ ಸಲ ನೆನೆದಿದ್ದಳು, ಆದರೆ ಪ್ರತಿ ಸಲವೂ 'ದೊಡ್ಡೋಳೇ' ಎಂಬಲ್ಲಿಗೇ ನಿಂತುಬಿಡುತ್ತಿದ್ದಳು.

"ಊಟ ಮಾಡಿದ್ಯಾ ಅವತ್ತು?" ಎಂದಳು ಅಕ್ಕ.

"ಇಲ್ಲ."

"ನೋಡು. ನಾನಿದ್ದಿದ್ರೂ ಹಾಕ್ತಾ ಇರಲಿಲ್ಲ. ಹಾಕೋದು ನನಗೆಲ್ಲಿ ಗೊತ್ತಿತ್ತು?"

ಇಬ್ಬರಿಗೂ ನಗು ಬಂತು; ಬಂದ ದಾರಿಯಲ್ಲೇ ಅದು ಅಳುವಾಯಿತು. ಮೆಟ್ಟಿಲು ಹತ್ತಿ ಬಂದ ಯಾವನೋ ವಾದ್ಯಗಾರ ಖ್ಯಾತ ಗಾಯಕಿಯನ್ನು ಗುರುತಿಸಿ ನಮಸ್ಕರಿಸಲು ಕೈ ಎತ್ತಿದವನು, ಅವಳ ಮೂಗು ಸೋರುತ್ತಿರುವುದನ್ನು ಕಂಡು ಗೋಡೆ ನೋಡುತ್ತ ದಾಟಿಹೋದ.

ಅಕ್ಕ ಮುಖ ಒರೆಸಿಕೊಂಡು ಎದ್ದಳು. "ಅಮ್ಮನಿಗೆ ನಾನು ಬಂದಾಯ್ತು, ನಿನ್ನಿಂದಾಗಿ. ಜನಕ್ಕೋಸ್ಕರ ಇನ್ನೊಂದು ಸಲ ಬರೋದು ಬೇಡ."

ನಿರ್ದೇಶಕನಿಗೆ ವಿಷಯ ತಿಳಿಸಿದಾಗ ಅವನು ಮೊದಲು ತಲೆ ಮೇಲೆ ಕೈ ಹೊತ್ತ. ನಾಯಕಿಯೇ ಇಲ್ಲದ ಕೊನೆಯ ದೃಶ್ಯವನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ಆದರೆ ಅಕ್ಕ ಬಾಯಿತಪ್ಪಿ ತಾಯಿಯ ಮಾತನ್ನು ಅರ್ಧ ಹೇಳಿದ್ದೇ ತಡ, ಅವನ ಕಣ್ಣು ಅರಳಿತು.

"ತಾಯಿ ಕಿರಿಯವಳನ್ನೇ ಹಿರಿಯವಳು ಅಂದ್ಕೊಳ್ತಾರೆ... ಇದು ಇನ್ನೂ ಚೆನ್ನಾಗಿದೆಯಲ್ಲ ಅಮ್ಮ. ಹಾಲ್‌ನಲ್ಲಿ ಒಬ್ಬರ ಕಣ್ಣೂ ಒಣಗಿರಲ್ಲ. ಇದನ್ನೇ ತೆಗೆಯೋಣ."

ಅಕ್ಕ ತಂಗಿಯತ್ತ ನೋಡಿದಳು. ಉತ್ತರ ಕೊಡಬೇಕಾದವಳು ಯಾರೆಂಬುದರಲ್ಲಿ ಈ ಬಾರಿ ಅವಳಿಗೆ ಗೊಂದಲವಿರಲಿಲ್ಲ.

"ಬೇಡ," ಎಂದಳು ತಂಗಿ. "ಒಬ್ಬ ಮಗಳು ಇದ್ದಳು, ಹಾಡಿದಳು, ತಾಯಿ ಕೇಳಿದ್ರು. ಅಷ್ಟು ತೋರಿಸಿ. ಮಿಕ್ಕಿದ್ದು ನಮ್ಮ ಮನೇದು."

"ಹಾಗಾದ್ರೆ ನಾಯಕಿ ವಾಪಸ್ ಬರೋದು ಯಾವಾಗ?"

"ಮಾರನೆ ದಿನ," ಎಂದಳು ಅಕ್ಕ. "ಎಲ್ಲ ಮುಗಿದ ಮೇಲೆ. ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿಟ್ಟಿದ್ರು. ನಾನು ಹಾಗೇ ಬಂದದ್ದು, ದೇವರ ಹತ್ರಾನೂ ಹಾಗೇ ಬಂದದ್ದು. ತಡವಾಗಿ ಬಂದವರೂ ನಿಮ್ಮ ಸಿನಿಮಾ ನೋಡಕ್ಕೆ ಬರ್ತಾರಲ್ಲ, ಸಾರ್? ಅವರಿಗೆ ಹೇಳೋದೇನೂ ಇಲ್ವಾ ನಿಮ್ಮ ಹತ್ರ?"

ನಿರ್ದೇಶಕ ಬಹಳ ಹೊತ್ತು ಗಲ್ಲ ಕೆರೆದುಕೊಂಡ. ಮನಸ್ಸಿಲ್ಲದ ಮನಸ್ಸಿನಿಂದ ಹಾಳೆಯ ಮೇಲೆ ಅಡ್ಡಗೀಟು ಎಳೆದ. ಎಳೆದ ಮೇಲೆ ಅಂಚಿನಲ್ಲಿ ಏನನ್ನೋ ಬರೆಯತೊಡಗಿದ, ಬರೆಯುತ್ತ ಬರೆಯುತ್ತ ಅವನ ಮುಖ ಗಂಭೀರವಾಯಿತು.

ತಂಗಿ ಒಬ್ಬಳೇ ಒಳಗೆ ಹೋಗಿ ಮೈಕಿನ ಮುಂದೆ ನಿಂತಳು. ಗಾಜಿನ ಆಚೆ ಮೂವರೂ ಕುಳಿತಿದ್ದರು. ಅವಳು ಗಾಜಿನತ್ತ ನೋಡದೆ ಆರಂಭಿಸಿದಳು. ಮೊದಲ ಸಾಲು ಮುಗಿದಾಗ ಕಣ್ಣು ತಾನಾಗಿ ಆ ಕಡೆ ಹೊರಳಿತು. ಅಕ್ಕ ಎದ್ದು ನಿಂತಿದ್ದಳು, ಸಭೆಯಲ್ಲಿ ಕೀರ್ತನೆಗೆ ಎದ್ದು ನಿಲ್ಲುವಂತೆ, ಎರಡು ಕೈಗಳನ್ನೂ ಮುಂದೆ ಕಟ್ಟಿಕೊಂಡು, ಬಾಯಿ ಮುಚ್ಚಿಕೊಂಡು. ಅವಳನ್ನು ನೋಡಿ ನಿರ್ದೇಶಕನೂ ಎದ್ದ. ಕುಳಿತಿರುವುದು ತಾನೊಬ್ಬನೇ ಎಂದು ಅರಿವಾದ ಧ್ವನಿಮುದ್ರಕ ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ, ಗುಂಡಿಗಳ ಮೇಲಿನ ಬೆರಳು ತೆಗೆಯಲಾರದೆ, ಅರ್ಧ ಬಾಗಿಕೊಂಡೇ ನಿಂತ.