ಒಂಬತ್ತನೇ ತರಗತಿಯ ಕ್ಯಾಸೆಟ್ಟು

ಮದುವೆ ಶೂಟಿಂಗ್ ಮಾಡುವ ಏಕನಾಥನಿಗೆ ಸಾಲೆಯ ಪಾಠವನ್ನು ಹೇಗೆ ಹಿಡಿಯಬೇಕೆಂದು ಗೊತ್ತಿರಲಿಲ್ಲ. ತನಗೆ ಗೊತ್ತಿದ್ದ ಹಾಗೆಯೇ ಹಿಡಿದಿದ್ದ. ಕ್ಯಾಸೆಟ್ಟಿನ ಮೊದಲಿಗೆ ಎರಡು ಗುಲಾಬಿ ಅರಳಿದವು. ಅವುಗಳ ನಡುವೆ ‘ಕಸ್ತೂರಿ ಟೀಚರ್, ಇಂಗ್ಲಿಷ್ ಕ್ಲಾಸ್, 2003’ ಎಂಬ ಅಕ್ಷರಗಳು ಗಿರಗಿರ ತಿರುಗುತ್ತ ಬಂದು ನಿಂತವು. ಹಿಂದೆ ಶಹನಾಯಿ.

ಭಾನುವಾರ ಮಧ್ಯಾಹ್ನ. ನವನಗರದ ಮನೆಯಲ್ಲಿ ಬಾಡಿಗೆಗೆ ತಂದ ವಿಸಿಆರ್ ಎದುರು ಮೂವರು ಕೂತಿದ್ದರು. ಕಸ್ತೂರಿ, ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದ ಮಗಳು ಸ್ನೇಹಲ್, ಅತ್ತೆ ಶೇವಂತೆವ್ವ.

ಈ ಕ್ಯಾಸೆಟ್ಟು ಶ್ರೀಲಂಕಾಕ್ಕೆ ಹೋಗಬೇಕಿತ್ತು. ಅಲ್ಲಿನ ಬೆಟ್ಟದ ಊರೊಂದರಲ್ಲಿ ಭಿಕ್ಷುಣಿಯರು ನಡೆಸುವ ಹುಡುಗಿಯರ ಸಾಲೆಗೆ ಆರು ತಿಂಗಳು ಇಂಗ್ಲಿಷ್ ಕಲಿಸುವವರು ಬೇಕಾಗಿದ್ದರು. ಸಂಬಳವಿಲ್ಲ, ಊಟ ವಸತಿ ಮಾತ್ರ. ಬುದ್ಧವಿಹಾರದಲ್ಲಿ ಈ ಸುದ್ದಿ ಕೇಳಿದ ದಿನದಿಂದ ಕಸ್ತೂರಿಗೆ ಬೇರೆ ಧ್ಯಾನವಿರಲಿಲ್ಲ. ಗಂಡ ಹನುಮೇಶ ತೀರಿ ಮೂರು ವರ್ಷವಾಗಿತ್ತು. ರಜೆಯ ಅರ್ಜಿ ಕೊಟ್ಟಿದ್ದಳು, ಪಾಸ್‌ಪೋರ್ಟ್ ಬಂದಿತ್ತು. ಫೆಬ್ರುವರಿ ಮುಗಿಯುವುದರೊಳಗೆ ಒಂದು ಪಾಠದ ಚಿತ್ರೀಕರಣ ಕಳಿಸಿರೆಂದು ಆ ಸಾಲೆಯವರು ಬರೆದಿದ್ದರು.

ಯಾಕೆ ಹೋಗಬೇಕು ಎಂದು ಯಾರಾದರೂ ಕೇಳಿದರೆ, ಸೇವೆ ಎನ್ನುತ್ತಿದ್ದಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈ ಊರಲ್ಲಿ ಹೊಸಬರೊಡನೆ ಕನ್ನಡದಲ್ಲಿ ಮಾತು ಶುರುವಾದರೆ ಮೂರನೆಯದೋ ನಾಲ್ಕನೆಯದೋ ಪ್ರಶ್ನೆ ‘ನೀವು ಯಾವ ಪೈಕಿ?’ ಎಂದು ಜಾತಿಯ ಬಗ್ಗೆಯೇ ಬರುತ್ತಿತ್ತು. ಇಂಗ್ಲಿಷಿನಲ್ಲಿ ಅದನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳ ಓಣಿಯಲ್ಲಿ ಆ ಭಾಷೆ ಕಲಿತ ಮೊದಲ ಹೆಣ್ಣುಮಗಳು ಅವಳು. ಇಪ್ಪತ್ನಾಲ್ಕು ವರ್ಷ ಕಲಿಸಿದವಳು. ಆ ಭಾಷೆಯೊಂದನ್ನೇ ಕೈಯಲ್ಲಿ ಹಿಡಿದು, ತನ್ನನ್ನು ಯಾರೂ ಅರಿಯದ ಮಕ್ಕಳ ಎದುರು ಒಮ್ಮೆ ನಿಲ್ಲಬೇಕು ಎಂಬುದು ಅವಳ ಆಸೆ.

ಟೀವಿಯಲ್ಲಿ ಪಾಠ ಶುರುವಾಯಿತು. ಪ್ರಯಾಣಿಕನೊಬ್ಬ ದೋಣಿಯಲ್ಲಿ ಮರೆತುಹೋದ ಗಂಟನ್ನು ತಿರುಗಿ ಕೊಟ್ಟ ಅಂಬಿಗನ ಕಥೆ. ಕಸ್ತೂರಿ ಒಂದು ವಾಕ್ಯ ಓದುತ್ತಿದ್ದಳು, ‘ಅಂದರೆ’ ಎನ್ನುತ್ತಿದ್ದಳು, ಆಮೇಲೆ ಕನ್ನಡ. ಮತ್ತೊಂದು ವಾಕ್ಯ, ಮತ್ತೆ ‘ಅಂದರೆ’. ‘ಆನೆಸ್ಟ್ ಅಂದರೆ?’ ಎಂದರೆ ಇಡೀ ವರ್ಗ ‘ಪ್ರಾಮಾಣಿಕ’ ಎಂದು ಕೂಗುತ್ತಿತ್ತು. ಅವಳ ಗುರುಗಳು ಅವಳಿಗೆ ಹೀಗೆಯೇ ಕಲಿಸಿದ್ದರು. ಈ ಕಡೆಯ ಕನ್ನಡ ಸಾಲೆಗಳಲ್ಲಿ ಇಂಗ್ಲಿಷ್ ಪಾಠವೆಂದರೆ ಇದೇ.

ಕ್ಯಾಸೆಟ್ಟು ಮುಗಿದಾಗ ಶೇವಂತೆವ್ವ ತೃಪ್ತಿಯಿಂದ ಕಾಲು ಚಾಚಿದಳು. ಅವಳು ಸಾಲೆಯ ಮೆಟ್ಟಿಲು ಹತ್ತಿದವಳಲ್ಲ.

“ಭಾಳ ಛಲೋ ಕಲಸ್ತೀ ಬಿಡವಾ ಕಸ್ತೂರಿ. ಇಂಗ್ಲೀಷು ಇಷ್ಟ ಹಗರ ಐತಿ ಅಂತ ನನಗ ಗೊತ್ತಿರಲಿಲ್ಲ. ಅಂಬಿಗ ಗಂಟು ತಿರುಗಿ ಕೊಟ್ಟನಲ್ಲಾ, ಅಲ್ಲೀಮಟಾ ಎಲ್ಲಾ ತಿಳೀತ ನೋಡು.”

ಸ್ನೇಹಲ್ ನಕ್ಕಳು. ತಾಯಿಯ ಮುಖ ನೋಡಿ ನಗು ನುಂಗಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು. “ಅವ್ವಾ, ಅಲ್ಲಿ ಹುಡುಗ್ಯಾರಿಗೆ ಕನ್ನಡ ಬರೂದಿಲ್ಲ.”

ಅದು ಕಸ್ತೂರಿಗೆ ಗೊತ್ತಿರದ ಮಾತೇನಲ್ಲ. ಆದರೆ ‘ಅಂದರೆ’ ಎಂಬುದನ್ನು ತೆಗೆದರೆ ತನ್ನ ಪಾಠದಲ್ಲಿ ಏನು ಉಳಿಯುತ್ತದೆ ಎಂದು ಅವಳು ಈವರೆಗೆ ನೋಡಿಕೊಂಡಿರಲಿಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಚ್ಚಿದಳು.

ಮದುವೆಯಲ್ಲಿ ಒಬ್ಬ ಬೀಗರ ಮುಖ ಬಿಟ್ಟುಹೋದರೂ ಏಕನಾಥ ಬೈಗುಳ ತಿನ್ನಬೇಕಾಗುತ್ತಿತ್ತು. ಅದಕ್ಕೇ ಅವನ ಕ್ಯಾಮೆರಾ ಸಾಲುಸಾಲಾಗಿ ಹೋಗಿ ಪ್ರತಿಯೊಂದು ಮುಖದ ಮೇಲೂ ಒಂದು ಗಳಿಗೆ ನಿಲ್ಲುತ್ತಿತ್ತು. ವರ್ಗದಲ್ಲೂ ಹಾಗೆಯೇ ನಿಂತಿತ್ತು. ಎಲ್ಲ ಬಾಯಿಗಳೂ ‘ಪ್ರಾಮಾಣಿಕ’ ಎನ್ನುವಾಗ ಕಡೆಯ ಬೆಂಚಿನ ಒಂದು ಮುಖದಲ್ಲಿ ತುಟಿ ಅಲುಗಿರಲಿಲ್ಲ. ಲಾಲಬಿ. ಏಳನೆಯವರೆಗೆ ಉರ್ದು ಸಾಲೆಯಲ್ಲಿ ಓದಿ, ಹತ್ತಿರದಲ್ಲಿ ಉರ್ದು ಹೈಸ್ಕೂಲಿಲ್ಲದೆ ಇಲ್ಲಿಗೆ ಸೇರಿದವಳು. ಓಣಿಯ ಕನ್ನಡ ಬರುತ್ತಿತ್ತು. ‘ಪ್ರಾಮಾಣಿಕ’ ಎಂಬುದು ಅವಳಿಗೆ ‘ಆನೆಸ್ಟ್’ನಷ್ಟೇ ದೂರದ ಮಾತು. ಒಂದೂವರೆ ವರ್ಷದಿಂದ ಆ ಹುಡುಗಿ ಕಸ್ತೂರಿಯ ಎದುರಿಗೇ ಕೂತಿದ್ದಳು. ಕಸ್ತೂರಿ ಅವಳ ಉತ್ತರಪತ್ರಿಕೆಯ ಮೇಲೆ ಎರಡು ಸಲ ‘ಅಭ್ಯಾಸ ಸಾಲದು’ ಎಂದು ಬರೆದಿದ್ದಳು.

ಮರುದಿನ ಕನ್ನಡವಿಲ್ಲದೆ ಪಾಠ ಮಾಡಲು ಹೋದಳು. ಹತ್ತು ನಿಮಿಷ ನಡೆಯಿತು. ಹುಡುಗರು ಟೀಚರಿಗೆ ಏನೋ ಆಗಿದೆ ಎಂದು ಒಬ್ಬರನ್ನೊಬ್ಬರು ತಿವಿದು ನಕ್ಕರು. ಹನ್ನೊಂದನೆಯ ನಿಮಿಷಕ್ಕೆ ‘ಅಂದರೆ’ ತಾನಾಗಿ ಬಾಯಿಂದ ಹೊರಟಿತು.

ಅವತ್ತೇ ಸಾಲೆ ಬಿಟ್ಟ ಮೇಲೆ ಲಾಲಬಿಯನ್ನು ನಿಲ್ಲಿಸಿಕೊಂಡಳು. ಬೈಗುಳ ಬೀಳುತ್ತದೆಂದು ಹುಡುಗಿ ಚೀಲವನ್ನು ಎದೆಗವಚಿ ನಿಂತಿದ್ದಳು. ನನಗೂ ಕಲಿಯುವುದಿದೆ, ದಿನಾ ಅರ್ಧ ತಾಸು ಕೂಡುತ್ತೀಯಾ ಎಂದು ಕಸ್ತೂರಿ ಕೇಳಿದಳು. ನಿಯಮ ಒಂದೇ. ಕನ್ನಡವೂ ಇಲ್ಲ, ಉರ್ದುವೂ ಇಲ್ಲ.

ನೀರು, ಕಿಟಕಿ, ಬಾಗಿಲು ಸುಲಭವಾಗಿದ್ದವು. ಕಣ್ಣಿಗೆ ಕಾಣದ ಮಾತುಗಳು ಬಂದಾಗ ಕಸ್ತೂರಿ ಸೋತಳು. ಒಂದು ಸಂಜೆ ತನ್ನ ಪೆನ್ನನ್ನು ಲಾಲಬಿಯ ಬೆಂಚಿನ ಮೇಲೆ ಮರೆತವಳ ಹಾಗೆ ಬಿಟ್ಟು ಹೊರಗೆ ಹೋದಳು. ತಿರುಗಿ ಬಂದಾಗ ಲಾಲಬಿ ಎದ್ದು ಪೆನ್ನು ಚಾಚಿದಳು. “ಆನೆಸ್ಟ್” ಎಂದಳು ಕಸ್ತೂರಿ. ಹುಡುಗಿ ಪೆನ್ನನ್ನೇ ದಿಟ್ಟಿಸಿ, ಅದರ ಹೆಸರೇ ಅದೆಂದುಕೊಂಡು, “ಆನೆಸ್ಟ್” ಎಂದಳು. ಕಸ್ತೂರಿ ಪೆನ್ನನ್ನು ಕೆಳಗಿಟ್ಟು ಅವಳ ಭುಜ ಮುಟ್ಟಿದಳು. “ಯೂ.” ಲಾಲಬಿ ಪೆನ್ನನ್ನು ನೋಡಿದಳು, ತನ್ನ ಭುಜವನ್ನು ನೋಡಿಕೊಂಡಳು. ಆಮೇಲೆ ಅದು ತಿಳಿಯಿತು. ತಿಳಿದದ್ದಕ್ಕೆ ಲಾಲಬಿ ನಗಲಿಲ್ಲ, ತಲೆ ತಗ್ಗಿಸಿದಳು. ಆ ಮಾತನ್ನು ಯಾವ ಭಾಷೆಯಲ್ಲೂ ಅವಳಿಗೆ ಯಾರೂ ಹೇಳಿರಲಿಲ್ಲವೇನೋ.

ಮೂರು ವಾರ ಕಳೆದವು. ಪ್ರತಿ ಸಂಜೆ ಕಲಿತದ್ದನ್ನು ಕಸ್ತೂರಿ ಮರುದಿನ ವರ್ಗದಲ್ಲಿ ಸ್ವಲ್ಪ ಸ್ವಲ್ಪವೇ ಪ್ರಯೋಗಿಸಿದಳು. ಹನ್ನೊಂದನೆಯ ನಿಮಿಷ ಇಪ್ಪತ್ತನೆಯದಾಯಿತು. ಮತ್ತೆ ಶೂಟಿಂಗ್ ಮಾಡಿಸುವುದೆಂದು ನಿಶ್ಚಯಿಸಿದಾಗ ಲಾಲಬಿಯ ಮನೆಗೆ ಹೋಗಿ ಅವಳ ತಾಯಿ ರಸೂಲಬಿಗೆ ಹೇಳಿದಳು. ರಸೂಲಬಿ ಚಹಾ ಕೊಟ್ಟು, ಮಗಳು ಈಗ ರಾತ್ರಿ ತಮ್ಮಂದಿರಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ ಎಂದು ಹಿಗ್ಗಿದಳು. ವಿಡಿಯೋ ಎಂದೊಡನೆ ತಲೆಯ ಸೆರಗು ಸರಿಮಾಡಿಕೊಂಡಳು.

“ಬಾಯೀ, ನಿಮ್ಮ ಕೈಯಾಗ ಹುಡುಗೀನ್ನ ಕೊಟ್ಟೇನ್ರಿ. ಆದ್ರ ಆ ಕ್ಯಾಸೆಟ್ಟು ಯಾ ದೇಶಕ್ಕ ಹೋಗ್ತದೋ, ಯಾರ್ ನೋಡ್ತಾರೋ. ಮಾರಿ ಒಂದ್ ಬ್ಯಾಡ್ರಿ.”

ಮೊದಲ ಸಲ ಲಾಲಬಿಯ ಮುಖವನ್ನು ಕೇಳದೆಯೇ ಹಿಡಿದಿದ್ದೆವು ಎಂಬುದು ಕಸ್ತೂರಿಗೆ ಅಲ್ಲಿ ಕೂತಾಗಲೇ ಹೊಳೆದದ್ದು. ಆ ಕ್ಯಾಸೆಟ್ಟನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದು ಮಾತು ಕೊಟ್ಟು ಎದ್ದಳು.

ಶೂಟಿಂಗ್ ದಿನ ಲಾಲಬಿಯನ್ನು ಕ್ಯಾಮೆರಾದ ಹಿಂದೆ ಕುರ್ಚಿ ಹಾಕಿ ಕೂಡಿಸಿದಳು. ಏಕನಾಥ ಗೊಣಗಿದ. “ಒಬ್ಬರ ಮುಖಾ ಬಿಟ್ಟರ ನಾಳೆ ನನ್ನನ್ನ ಬೈತಾರ್ರೀ ಟೀಚರ್.”

ಪಾಠ ಚೆಂದವಾಗಿ ಬರಲಿಲ್ಲ. ನಡುನಡುವೆ ಎಲ್ಲರೂ ಸುಮ್ಮನಾಗುತ್ತಿದ್ದರು. ಹೊಳೆಯೆಂದು ತೋರಿಸಲು ತಂದಿದ್ದ ತಂಬಿಗೆಯ ನೀರು ಮೇಜಿನ ಮೇಲೆ ಚೆಲ್ಲಿತು. ಒಬ್ಬ ಹುಡುಗ ಅಂಬಿಗನಾದ, ಒಬ್ಬಳು ಗಂಟು ಮರೆತು ಹೋದಳು, ಅಂಬಿಗ ಓಡಿಹೋಗಿ ಅದನ್ನು ಕೊಟ್ಟ. ಅಂಬಿಗ ಎಂಥವನು ಎಂದು ಕಸ್ತೂರಿ ಇಂಗ್ಲಿಷಿನಲ್ಲೇ ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ‘ಅಂದರೆ’ ನಾಲಗೆಯ ತುದಿಗೆ ಬಂತು. ಹಲ್ಲು ಕಚ್ಚಿ ತಡೆದಳು. ಇಪ್ಪತ್ನಾಲ್ಕು ವರ್ಷದಲ್ಲಿ ವರ್ಗದೊಳಗಿನ ಮೌನವನ್ನು ಅವಳು ಅಷ್ಟು ಹೊತ್ತು ಸಹಿಸಿದ್ದಿಲ್ಲ.

“ಹೀ ಈಸ್ ಆನೆಸ್ಟ್, ಟೀಚರ್.”

ದನಿ ಕ್ಯಾಮೆರಾದ ಹಿಂದಿನಿಂದ ಬಂತು. ಏಕನಾಥ ರೂಢಿಯಂತೆ ಕ್ಯಾಮೆರಾವನ್ನು ಆ ಕಡೆ ತಿರುಗಿಸಿದವನು ಅರ್ಧಕ್ಕೇ ನೆನಪಾಗಿ ಹಿಂದಕ್ಕೆಳೆದ. ಕ್ಯಾಸೆಟ್ಟಿನಲ್ಲಿ ಆ ಗಳಿಗೆ ಬರಿಯ ಗೋಡೆ, ಅರ್ಧ ಕಿಟಕಿ.

ಮನೆಯಲ್ಲಿ ಅದನ್ನು ನೋಡಿದ ಶೇವಂತೆವ್ವ ನೀರು ಚೆಲ್ಲಿದ್ದೊಂದು ತನಗೆ ತಿಳಿಯಿತು ಎಂದಳು. ಗೋಡೆಯೊಳಗಿಂದ ಮಾತಾಡಿದವರು ಯಾರು ಎಂದೂ ಕೇಳಿದಳು. ಕಸ್ತೂರಿ ಗುಲಾಬಿಯನ್ನೂ ಶಹನಾಯಿಯನ್ನೂ ತೆಗೆಸಿ, ಉಳಿದದ್ದನ್ನು ಇದ್ದ ಹಾಗೆಯೇ ಅಂಚೆಗೆ ಹಾಕಿದಳು.

ಏಪ್ರಿಲ್ ಮೊದಲ ವಾರದಲ್ಲಿ ಉತ್ತರ ಬಂತು. ಜೂನ್ ಒಂದಕ್ಕೆ ಬನ್ನಿ. ಗೋಡೆ ಕಾಣುವಲ್ಲಿ ಉತ್ತರ ಕೊಟ್ಟ ಹುಡುಗಿಗೆ, ನಾವು ಅವಳನ್ನು ವಿಚಾರಿಸಿದೆವೆಂದು ತಿಳಿಸಿ ಎಂದು ಕೆಳಗೊಂದು ಸಾಲು ಕೈಯಲ್ಲಿ ಬರೆದಿತ್ತು.

ವಾರ್ಷಿಕ ಪರೀಕ್ಷೆ ಮುಗಿದ ದಿನವೂ ಲಾಲಬಿ ಅದೇ ಹೊತ್ತಿಗೆ ಬಂದು ಕೂತಳು. ಕಸ್ತೂರಿ ಆ ಸಾಲನ್ನು ಓದಿ ತೋರಿಸಿದಳು. ಆಮೇಲೆ ತಾನು ಹೋಗುವುದನ್ನು ನಿಯಮ ಮುರಿಯದೆ ಹೇಳಿದಳು. ತಿರುಗಿ ಬರುತ್ತೇನೆ ಎಂದಳು.

“ವೆನ್?” ಎಂದಳು ಲಾಲಬಿ.

ಆ ಭಾಷೆಯಲ್ಲಿ ಅವಳು ಈವರೆಗೆ ಉತ್ತರ ಕೊಟ್ಟಿದ್ದಳೇ ಹೊರತು ಪ್ರಶ್ನೆ ಕೇಳಿರಲಿಲ್ಲ. ಜೂನಿನಲ್ಲಿ ಅವಳು ಹತ್ತನೆಯ ತರಗತಿ. ಕಸ್ತೂರಿಯ ಜಾಗಕ್ಕೆ ಬೇರೆಯವರನ್ನು ಇನ್ನೂ ಹಾಕಿಲ್ಲ, ಹಾಕಿದರೂ ಅವರು ‘ಅಂದರೆ’ ಎನ್ನುವವರೇ. ಕನ್ನಡದಲ್ಲಾದರೆ ಕಸ್ತೂರಿ ಚಿಂತಿ ಮಾಡಬ್ಯಾಡ, ಎಲ್ಲಾ ಛಲೋ ಆಕ್ಕೈತಿ ಎಂದು ತಲೆ ಸವರಿಬಿಡುತ್ತಿದ್ದಳು. ಇಂಗ್ಲಿಷಿನಲ್ಲಿ ಅವಳ ಬಳಿ ಅಂಥ ಮೆತ್ತನೆಯ ಮಾತುಗಳಿರಲಿಲ್ಲ.

“ಡಿಸೆಂಬರ್” ಎಂದಳು.

ಲಾಲಬಿ ಎಣಿಸತೊಡಗಿದಳು. ಜೂನ್, ಜುಲೈ, ಆಗಸ್ಟ್. ಒಂದೊಂದನ್ನೂ ನಿಂತು ನಿಂತು, ಟೀಚರ ಮುಖ ನೋಡುತ್ತ ಹೇಳಿದಳು. ಎಲ್ಲಾದರೂ ತಪ್ಪಿದ್ದರೆ ಕಸ್ತೂರಿ ತಿದ್ದಬಹುದಿತ್ತು. ಒಂದೂ ತಪ್ಪಲಿಲ್ಲ.